ಮರೆತು ಹೋದ ಸಾಮಾನು: ಕೆಜಿಎಫ್‌ನ ಮಾಜಿ ದೊರೆಗಳಿಗೆ ಬಹಿರಂಗ ಪತ್ರ

ಇವರಿಗೆ,
ಕೋಲಾರ ಚಿನ್ನದ ಗಣಿಯ ಮಾಜಿ ದೊರೆಗಳು,
ಲಂಡನ್.
(ವಿಳಾಸದಾರರು ಸಿಗದಿದ್ದಲ್ಲಿ ಗೋರಿಗೆ ಅಂಟಿಸಿ ಮಹಜರು ಮಾಡುವುದು.)

ವಿಷಯ: ತಾವು ಊರು ಬಿಡುವಾಗ ಮರೆತ ಸಾಮಾನುಗಳನ್ನು ಸಾಗಿಸಿಕೊಂಡು ಹೋಗುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಇಲ್ಲಿ ಕ್ಷೇಮ. ನಮ್ಮೂರಲ್ಲಿ ಅರ್ಜಿಯನ್ನು ತಮಿಳಿನಲ್ಲಿ ಯೋಚಿಸಿ, ಕನ್ನಡದಲ್ಲಿ ಬರೆದು, ಇಂಗ್ಲಿಷಿನಲ್ಲಿ ಸಹಿ ಹಾಕುವುದು ರೂಢಿ. ತಪ್ಪಿದ್ದರೆ ಮನ್ನಿಸಬೇಕು.

ಕೆಜಿಎಫ್ ಈಗಲೂ ‘ಮಿನಿ ಇಂಗ್ಲೆಂಡ್’ ಅಂತಲೇ ಹೆಸರುವಾಸಿ. ಹಾಗೆ ಕರೆಯುವವರು ಹೆಚ್ಚಾಗಿ ಭಾನುವಾರದ ಅತಿಥಿಗಳು. ತಮ್ಮ ಬಂಗಲೆ, ತಮ್ಮ ಕ್ಲಬ್ಬು, ತಮ್ಮ ಗಾಲ್ಫ್ ಮೈದಾನ ನೋಡಿ ‘ಎಂಥಾ ಕಾಲ ಅದು!’ ಎಂದು ನಿಟ್ಟುಸಿರಿಟ್ಟು, ಫೋಟೊ ತೆಗೆದು, ಕತ್ತಲಾಗುವ ಮೊದಲೇ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅದೇ ಕಾಲದಲ್ಲಿ ಕೂಲಿ ಲೈನಿನ ತಟ್ಟಿ ಮನೆಗಳೂ ಇದ್ದವು. ಅತ್ತ ಕ್ಯಾಮೆರಾ ತಿರುಗುವುದಿಲ್ಲ. ಪಾರಂಪರಿಕ ಅನ್ನಿಸಿಕೊಳ್ಳಲು ಮನೆಗೆ ವರಾಂಡವಾದರೂ ಇರಬೇಕಂತೆ.

ತಮ್ಮ ಉಪಕಾರಗಳನ್ನು ನಾವು ಮರೆತಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ಕರೆಂಟ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು. ಆ ಕರೆಂಟ್ ತಂದದ್ದು ಗಣಿಯ ಯಂತ್ರ ತಿರುಗಿಸಲು ಎಂಬ ಸಣ್ಣ ಸಂಗತಿಯನ್ನು ನಮ್ಮ ಭಾಷಣಕಾರರು ದಾಕ್ಷಿಣ್ಯಕ್ಕೆ ಬಿಟ್ಟುಬಿಡುತ್ತಾರೆ. ಚಿನ್ನದ ಲೆಕ್ಕವನ್ನೂ ನಾವು ಕೇಳುತ್ತಿಲ್ಲ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿನಷ್ಟು ಹೊರಬಂತು, ಹೋಯಿತು. ತಕರಾರಿರುವುದು ಉಳಿದದ್ದರ ಬಗ್ಗೆ.

ಮೊದಲನೆಯದು ಸೈನೈಡ್ ದಿಬ್ಬಗಳು. ಕಲ್ಲು ಪುಡಿ ಮಾಡಿ, ಸೈನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು ಮಿಕ್ಕ ಬೂದಿಯನ್ನು ಇಲ್ಲೇ ಸುರಿದಿದ್ದೀರಿ. ಕೋಟ್ಯಂತರ ಟನ್ ಇದೆ, ಬಹುಶಃ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಆಷಾಢದ ಗಾಳಿ ಎದ್ದರೆ ಅದು ನಮ್ಮ ಅನ್ನದ ತಟ್ಟೆಗೂ ಎದೆಗೂ ಬಂದು ಕೂರುತ್ತದೆ. ಸಿನಿಮಾದವರಿಗೆ ಮಾತ್ರ ಆ ದಿಬ್ಬಗಳೆಂದರೆ ಪ್ರೀತಿ. ಕೆಜಿಎಫ್ ಚಿತ್ರ ಬಂದ ಮೇಲೆ ಇಡೀ ದೇಶಕ್ಕೆ ನಮ್ಮೂರ ಹೆಸರು ಗೊತ್ತು. ಆದರೆ ಊರಿಗೆ ಬಂದವರು ಕೇಳುವುದು ಆ ಚಿತ್ರದ ನರಾಚಿ ಗಣಿಯ ದಾರಿ. ಸಿನಿಮಾದ ಖಳರು ಬಂದೂಕು ಹಿಡಿದು ಗಣಿ ಕಾಯುತ್ತಾರೆ. ತಾವು ಹಿಡಿದದ್ದು ರಿಜಿಸ್ಟರು. ಕೆಲಸ ಚೆನ್ನಾಗಿ ನಡೆದದ್ದು ರಿಜಿಸ್ಟರಿನಿಂದಲೇ.

ಆ ರಿಜಿಸ್ಟರಿಗೆ ಬೆರಳಚ್ಚು ಕೊಡುವುದಿಲ್ಲ ಎಂದು 1930ರಲ್ಲಿ ನಮ್ಮ ಅಜ್ಜಂದಿರು ಮುಷ್ಕರ ಹೂಡಿದ್ದು ತಮಗೆ ನೆನಪಿರಬಹುದು. ಈಗ ಕಾಲ ಬದಲಾಗಿದೆ. ನಾವೇ ಬೆರಳು ಒತ್ತುತ್ತೇವೆ, ಡ್ರಿಲ್ಲು ಹಿಡಿದು ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಒಪ್ಪುವುದಿಲ್ಲ.

ಎರಡನೆಯದು ತಾವು ತೋಡಿದ ಗುಂಡಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಒಳಗೆಲ್ಲ ನೀರು. ಅದರ ಆಳದಲ್ಲಿ ಕೂತು 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಪತ್ತೆಹಚ್ಚಿದರು. ಭೂಮಿಯನ್ನೇ ತೂರಿ ಹೋಗುವ ಕಣ ಸಿಕ್ಕಿತು. ಗಣಿ ಮುಚ್ಚಿದ ಮೇಲೆ ಬಾಕಿ ಹಣ ಹುಡುಕಿಕೊಂಡು ಹೊರಟ ಕಾರ್ಮಿಕರಿಗೆ ಅಂಥ ಉಪಕರಣವನ್ನು ಯಾರೂ ಕೊಡಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಪಾಪವೂ ತಮ್ಮದಲ್ಲ. 1956ರಲ್ಲಿ ಗಣಿ ರಾಷ್ಟ್ರೀಕರಣವಾಯಿತು, ಬಂಗಲೆಗೆ ನಮ್ಮವರೇ ಹೋದರು. ದೊರೆ ಎಂಬ ಪದಕ್ಕೆ ನಿವೃತ್ತಿ ಸಿಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ಅದು ತಪ್ಪದೆ ತೆರೆಯುತ್ತದೆ, ಫಲಿತಾಂಶದ ದಿನ ಮುಚ್ಚುತ್ತದೆ.

ತಮ್ಮನ್ನು ಅವಸರಪಡಿಸಲು ಇನ್ನೊಂದು ಕಾರಣವಿದೆ. ತಾವು ಬಿಟ್ಟ ಕಸದಲ್ಲೂ ಚೂರುಪಾರು ಚಿನ್ನವಿದೆಯಂತೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿದೆ. ಇಷ್ಟು ವರ್ಷ ಆ ಧೂಳು ಕುಡಿದ ನಮ್ಮ ಶ್ವಾಸಕೋಶದಲ್ಲೂ ಟನ್ನಿಗೆ ಇಷ್ಟು ಗ್ರಾಂ ಅಂತ ಇರಲೇಬೇಕು. ಟೆಂಡರ್ ಕರೆಯುವಾಗ ಅದನ್ನೂ ಸೇರಿಸಲು ತಾವು ಶಿಫಾರಸು ಮಾಡಬೇಕಾಗಿ ಕೋರಿಕೆ.

ಸಾಮಾನು ಒಯ್ಯಲು ಬರುವುದಾದರೆ ಬೆಳಗಿನ ಹೊತ್ತೇ ಅನುಕೂಲ. ಆಗ ಮಾರಿಕುಪ್ಪಂ ಕಡೆ ಬರುವ ರೈಲಿನಲ್ಲಿ ಕಾಲು ಚಾಚಿ ಮಲಗಬಹುದು. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಮಾತ್ರ ಬಾಗಿಲಲ್ಲಿ ನೇತಾಡಲೂ ಜಾಗವಿಲ್ಲ, ಸೆಕ್ಯುರಿಟಿ ಗಾರ್ಡು, ಗಾರ್ಮೆಂಟ್ ಹುಡುಗಿ, ಕಾಲ್ ಸೆಂಟರ್ ಹುಡುಗ ಎಲ್ಲ ಅದರಲ್ಲೇ. ಗಣಿ ಮುಚ್ಚಿದೆ ಅಂದವರು ಯಾರು? ಊರಿನಿಂದ ದಿನವೂ ಮಾಲು ಹೋಗುತ್ತಿದೆ. ಒಂದೇ ವ್ಯತ್ಯಾಸ, ಈ ಮಾಲು ತನ್ನ ಟಿಕೆಟ್ ತಾನೇ ಕೊಳ್ಳುತ್ತದೆ.

ಇಂತಿ ತಮ್ಮ ವಿಧೇಯ,
ಸೈನೈಡ್ ದಿಬ್ಬದ ಗಾಳಿ ಬೀಸುವ ದಿಕ್ಕಿನ ಒಬ್ಬ ನಿವಾಸಿ.

ಲಗತ್ತು: ಧೂಳು, ಒಂದು ಚಿಟಿಕೆ. ಸ್ವೀಕೃತಿ ಕಳಿಸಬೇಕು.