ಓದುವ ಕೂಸು: ಜೋಡಣೆ ಮತ್ತು ನಿರ್ವಹಣೆಯ ಕೈಪಿಡಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಮಾತ್ರ. ಬೇರೆ ಕಡೆಯವರು ತಮ್ಮ ಜವಾಬ್ದಾರಿಯ ಮೇಲೆ ಬಳಸಬೇಕು.)

ಬಳಸುವ ಮುನ್ನ

ಕೂಸು ಈಗಾಗಲೇ ನಿಮ್ಮ ಮನೆಯಲ್ಲಿದೆ. ಕಟ್ಟೆಯ ಮೇಲೆ ಕೂತು ನಿಮ್ಮ ಮೊಬೈಲ್ ತಿಕ್ಕುತ್ತಿದೆ, ನೋಡಿ. ಅದರ ಕನ್ನಡದ ಬಗ್ಗೆ ಚಿಂತೆ ಬೇಡ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ನಮ್ಮ ಕೊಪಣವನ್ನೂ (ಇಂದಿನ ಕೊಪ್ಪಳ) ಹೆಸರಿಸಿದೆ. ತೊಂದರೆ ಏನೆಂದರೆ, ಕನ್ನಡದ ಜನ ಕುರಿತು ಓದದೆಯೂ ಕಾವ್ಯ ಬಲ್ಲವರೆಂದು ಅದೇ ಗ್ರಂಥ ಹೊಗಳಿಬಿಟ್ಟಿದೆ. ಆ ಹೊಗಳಿಕೆಯ ಮೊದಲರ್ಧವನ್ನು ನಾವು ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಿದ್ದೇವೆ. ಈ ಸಂಗತಿ ಕೂಸಿನ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಜೋಡಣೆ

"ಲೇ ತಮ್ಮಾ, ಮೊಬೈಲ್ ಇಡು, ಪುಸ್ತಕ ಹಿಡಿ" ಎಂಬ ಗುಂಡಿಯನ್ನು ಒತ್ತಬೇಡಿ. ಒತ್ತಿದರೆ "ನೀ ಮೊದ್ಲ ಇಡಪಾ" ಎಂಬ ಸದ್ದು ಬರುತ್ತದೆ. ಇದು ಯಂತ್ರದ ದೋಷವಲ್ಲ.

ಮೊದಲ ಪುಸ್ತಕ ಪುಸ್ತಕವೇ ಆಗಿರಬೇಕೆಂಬ ನಿಯಮವಿಲ್ಲ. ಸಂಜೆ ಮಿರ್ಚಿ ಬಂಡಿಗೆ ಕರೆದೊಯ್ಯಿರಿ. ಮಿರ್ಚಿ ತಿಂದ ಮೇಲೆ ಕಾಗದ ಎಸೆಯಲು ಅವಸರ ಮಾಡಬೇಡಿ; ಅದರ ಮೇಲಿನ ಕಥೆ ಓದಲು ಬಿಡಿ. ನನಗೆ ಪತ್ತೇದಾರಿ ಕಥೆಯ ಹುಚ್ಚು ಹತ್ತಿದ್ದು ಹಾಗೆಯೇ. ಹೆಣ ನನ್ನ ಕಾಗದದಲ್ಲಿತ್ತು. ಕೊಂದವನು ಮುಂದಿನ ಗಿರಾಕಿಯ ಮಂಡಕ್ಕಿಯ ಜೊತೆ ಹೊರಟುಹೋದ. ಅವನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಬಾಯಿಗೆ ರುಚಿ ಹತ್ತಿದ ಮೇಲೆ ಪದ್ಯ ಕೊಡಿ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಸರ್ಕಾರದ ದೊಡ್ಡ ಅಧಿಕಾರಿಯಾಗಿ ಫೈಲುಗಳ ನಡುವೆ ಇದ್ದರೂ ಕಾವ್ಯಾನಂದ ಎಂಬ ಹೆಸರಿನಲ್ಲಿ ಮಕ್ಕಳಿಗೆ ಪದ್ಯ ಬರೆದರು. ಅವನ್ನು ಓದಿಸಬೇಡಿ, ಕೂಗಿಸಿ. ಅರ್ಥ ಕೇಳಿದಿರೋ, ಮಗು ಎದ್ದು ಗೋಲಿ ಆಡಲು ಹೋಗುತ್ತದೆ. ಹೋಗುವುದೇ ಸರಿ.

ಬೀಗದ ಬಗ್ಗೆ

ಈ ಭಾಗವನ್ನು ಎರಡು ಸಲ ಓದಿ.

ಶಾಲೆಯೊಂದರಲ್ಲಿ ಮಕ್ಕಳ ಪುಸ್ತಕ ತುಂಬಿದ ಅಲ್ಮಾರಿ ನೋಡಿದ್ದೆ. ಕಬ್ಬಿಣದ್ದು, ಗಟ್ಟಿ, ಬೀಗ ಇನ್ನೂ ಗಟ್ಟಿ. ಒಳಗೆ ಪುಸ್ತಕಗಳು ಮದುವೆಗೆ ತಂದ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಕೂತಿದ್ದವು. ಕೀಲಿ ಎಲ್ಲಿ ಎಂದರೆ ಹೆಡ್‌ಮಾಸ್ತರರ ಕಡೆ. ಹೆಡ್‌ಮಾಸ್ತರರು ಎಲ್ಲಿ ಎಂದರೆ ಮೀಟಿಂಗಿನಲ್ಲಿ. ಅವರನ್ನು ಬೈಯುವುದು ಸುಲಭ. ಆದರೆ ಅವರಿಗೆ ವರ್ಗವಾದ ದಿನ ಚಾರ್ಜ್ ಕೊಡುವಾಗ ದಾಸ್ತಾನು ವಹಿ ತೆರೆಯುತ್ತದೆ. ಅಲ್ಲಿ ಪುಸ್ತಕ ಎಂದರೆ ಒಂದು ಸಂಖ್ಯೆ. ಕಡಿಮೆ ಬಿದ್ದರೆ ಕೇಳುವವರಿದ್ದಾರೆ; ಒಂದು ಮಗುವೂ ಮುಟ್ಟಲಿಲ್ಲವಲ್ಲ ಎಂದು ಕೇಳುವವರು ಯಾರೂ ಇಲ್ಲ. ಬೀಗ ಹಾಕದೆ ಇನ್ನೇನು ಮಾಡಿಯಾರು?

ಆದ್ದರಿಂದ ವಹಿಯಲ್ಲಿ ಹೊಸ ಕಾಲಂ ಗೆರೆ ಎಳೆಯಿರಿ: "ಓದಿ ಹರಿದದ್ದು". ಇದರಡಿ ಸಂಖ್ಯೆ ಹೆಚ್ಚಿದಷ್ಟೂ ಆ ಶಾಲೆಗೆ ಶಾಲು, ಹಾರ. ಒಂದೂ ಹರಿಯದ ಶಾಲೆಗೆ ನೋಟಿಸು.

ಬೀಗವಿಲ್ಲದೆಯೂ ಬರಹ ಉಳಿಯುತ್ತದೆಂದು ನಂಬಿಕೆ ಬರದಿದ್ದರೆ ಕೂಸನ್ನು ಕರೆದುಕೊಂಡು ಕೊಪ್ಪಳದ ಪಾಲ್ಕಿಗುಂಡು ಬೆಟ್ಟ ಹತ್ತಿ. ಅಲ್ಲಿಯೂ ಗವಿಮಠದ ಬೆಟ್ಟದಲ್ಲಿಯೂ ಅಶೋಕನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ. ಅಷ್ಟು ದೊಡ್ಡ ರಾಜ ಬರೆಸಿದ್ದನ್ನು ಬಂಡೆಯ ಮೇಲೆ, ಬಯಲಿನಲ್ಲಿ ಬಿಟ್ಟು ಹೋದ. ಅಲ್ಮಾರಿ ಮಾಡಿಸಲಿಲ್ಲ, ಕೀಲಿಯನ್ನು ಯಾರ ಸೊಂಟಕ್ಕೂ ಕಟ್ಟಲಿಲ್ಲ.

ಬಿಡಿಭಾಗಗಳು ಸಿಗುವ ಸ್ಥಳ

ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ. 2020ರಲ್ಲಿ "ಓದುವ ಬೆಳಕು" ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪುಕ್ಕಟೆ ಎಂದು ಸಂಕೋಚಪಡಬೇಡಿ. 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿದೆ. ದುಡ್ಡು ಕಟ್ಟಿ ಸಾಮಾನು ಅಂಗಡಿಯಲ್ಲೇ ಬಿಟ್ಟು ಬರುವವರಲ್ಲ ನಾವು. ಸಂತೆಯಲ್ಲಿ ಕೊಸರು ಬದನೆಕಾಯಿ ಬಿಡುತ್ತೇವೆಯೇ?

ಹವಾಮಾನದ ಪರಿಣಾಮ

ಗಂಗಾವತಿ ಕಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಹತ್ತಿದರೆ ಯಂತ್ರ ಕೆಲವು ದಿನ ಗದ್ದೆಯಲ್ಲಿ ಕಾಣಿಸಬಹುದು. ನಾಟಿ ಮುಗಿದ ಮೇಲೆ ಸರಿಹೋಗುತ್ತದೆ.

ಕುಷ್ಟಗಿ, ಯಲಬುರ್ಗಾದ ಎರಿ-ಮಸಾರಿ ಹೊಲಗಳ ಕಥೆ ಬೇರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಮನೆಯೇ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೊರಡುತ್ತದೆ. ಗಂಟಿನಲ್ಲಿ ಜೋಳದ ಹಿಟ್ಟು, ಹಾಸಿಗೆ, ಕೂಸು. ಆ ಗಂಟಿನಲ್ಲಿ ಗ್ರಂಥಾಲಯದ ಪುಸ್ತಕವೊಂದು ಹೋಗಿದ್ದರೆ ಗ್ರಂಥಪಾಲಕರೇ, ದಯವಿಟ್ಟು "ಕಳೆದಿದೆ" ಎಂದು ಬರೆಯಬೇಡಿ. ಕಟ್ಟುತ್ತಿರುವ ಯಾರದೋ ಮನೆಯ ಉಸುಕಿನ ಗುಡ್ಡೆಯ ಮೇಲೆ ಅದು ಈಗ ಕೆಲಸದಲ್ಲಿದೆ. "ಊರಿಗೆ ಹೋಗಿದೆ" ಎಂದು ಬರೆದರೆ ಸಾಕು.

ದೋಷ ಪರೀಕ್ಷೆ

ಪುಸ್ತಕ ವಾಪಸು ಬಂದಾಗ ಮಿರ್ಚಿ ಎಣ್ಣೆಯ ಕಲೆ ಹುಡುಕಿ. ಕಲೆ ರಟ್ಟಿನ ಮೇಲಿದ್ದರೆ ಇನ್ನೂ ಕಾಯಬೇಕು. 43ನೇ ಪುಟದಲ್ಲಿದ್ದರೆ ತಡಮಾಡದೆ ಇನ್ನೊಂದು ಕೊಡಿ. ಕೊನೆಯ ಹಾಳೆಯೇ ಹರಿದು ಹೋಗಿದ್ದರೆ, ಕಥೆ ಹೇಗೆ ಮುಗಿಯಿತೆಂದು ಕೂಸನ್ನೇ ಕೇಳಿ ಬರೆದುಕೊಳ್ಳಿ.