ಟಿಕೆಟ್ಟಿಲ್ಲದ ವಿಶ್ವಸಂಗೀತ

ಬೆಂಗಳೂರಿನಲ್ಲಿ ವಿಶ್ವಸಂಗೀತ ಕೇಳಬೇಕೆಂದರೆ ಟಿಕೆಟ್ಟು, ಪಾರ್ಕಿಂಗು, ಜೊತೆಗೆ ಅರ್ಥವಾದವರಂತೆ ತಲೆಯಾಡಿಸುವ ಕಷ್ಟ ಬೇರೆ. ಚಾಮರಾಜನಗರ ಜಿಲ್ಲೆಯ ನಮ್ಮ ಕುಂತೂರಿನವರಿಗೆ ಆ ತಾಪತ್ರಯವಿಲ್ಲ. ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಸುತ್ತೂರು ಮಠ ದಾಟಿ ಕುಂತೂರು ಮಠಕ್ಕೆ ಬಂದ ಕತೆ ಹಾಡುವ ಕಂಸಾಳೆಯವರು ನಮ್ಮ ಸೀಮೆಯಲ್ಲೇ ಇದ್ದಾರೆ. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ದಾರಕ್ಕೆ ಕಟ್ಟಿದ ತಾಳ. ತಾಳ ತಲೆಯ ಸುತ್ತ ಗಿರ್ರನೆ ತಿರುಗತೊಡಗಿದರೆ ಮುಂದಿನ ಸಾಲಿನ ಗಣ್ಯರು ತಾವಾಗಿಯೇ ಹಿಂದಕ್ಕೆ ಸರಿಯುತ್ತಾರೆ.

ಕಂಸಾಳೆಯಷ್ಟೇ ಅಲ್ಲ, ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ಸೋಲಿಗರ ಹಾಡು-ಕುಣಿತವಾದ ಗೊರುಕನ, ಮಾರ್ಟಳ್ಳಿಯ ಚರ್ಚಿನಲ್ಲಿ ತಮಿಳು ಹಾಡು, 1974ರಲ್ಲಿ ಒಡೆಯರಪಾಳ್ಯದಲ್ಲಿ ನೆಲೆಯೂರಿದ ಟಿಬೆಟಿಯನ್ನರ ಮಠದಲ್ಲಿ ಆಳುದ್ದ ಮೀರಿದ ಕಹಳೆ. ಇವರನ್ನೆಲ್ಲ ಒಂದೇ ವೇದಿಕೆ ಹತ್ತಿಸಿದರೆ ಶ್ರುತಿ ಕೂಡೀತೋ ಇಲ್ಲವೋ, ಸ್ವಾಗತ ಭಾಷಣಕ್ಕಂತೂ ಸಮಯ ಉಳಿಯುವುದಿಲ್ಲ. ಪ್ರೇಕ್ಷಕರ ಪುಣ್ಯ!