ದ್ವಿಚಕ್ರ ಮೀಮಾಂಸೆ: ಹಳ್ಳಿದಾರಿಯ ಬೈಕ್ ಆಯ್ಕೆಯ ತಾತ್ವಿಕ ನೆಲೆಗಳು

1. ಪ್ರಸ್ತಾವನೆ

ಮಾನವನ ಚಲನಶೀಲ ಪ್ರಜ್ಞೆಯು ಯಾಂತ್ರಿಕ ವಾಹಕದೊಂದಿಗೆ ನಡೆಸುವ ನಿರಂತರ ಮುಖಾಮುಖಿಯಲ್ಲಿ ಮೂಡುವ ಆಯ್ಕೆಯ ಬಿಕ್ಕಟ್ಟನ್ನು, ಗ್ರಾಮೀಣ ಅವಕಾಶದ ಅನನ್ಯತೆಯ ಹಿನ್ನೆಲೆಯಲ್ಲಿ, ಸ್ಥಳೀಯ ಸಂಕಥನಗಳ ನೆಲೆಯಿಂದ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಅಂದರೆ, ಭಾನುವಾರ ಬೆಳಿಗ್ಗೆ ಮಾಗಡಿ ಕಡೆಯ ಹಳ್ಳಿದಾರಿಗಳಲ್ಲಿ ನಿಧಾನಕ್ಕೆ ಸುತ್ತಿ ಬರಲು ಯಾವ ಬೈಕ್ ತಗೋಬೇಕು ಅನ್ನುವುದು. ಈ ಎರಡನೆಯ ವಾಕ್ಯವನ್ನು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಓದುಗರ ಮೇಲಿನ ಕನಿಕರದಿಂದ ಉಳಿಸಿಕೊಂಡಿದ್ದೇನೆ.

ಅಧ್ಯಯನದ ವ್ಯಾಪ್ತಿ: ಮಾಗಡಿ, ಕುದೂರು, ತಿಪ್ಪಸಂದ್ರ, ಸಾವನದುರ್ಗದ ಸುತ್ತಮುತ್ತಲ ದಾರಿಗಳು. ಅಧ್ಯಯನದ ಮಿತಿ: ಸಂಶೋಧಕನ ಎಡ ಮೊಣಕಾಲು.

2. ಮಾರ್ಗ ಮತ್ತು ದೇಸಿ

ಕನ್ನಡ ಕಾವ್ಯಮೀಮಾಂಸೆಯ ಈ ಎರಡು ಪರಿಕಲ್ಪನೆಗಳನ್ನು ವಿದ್ವಾಂಸರು ಸಾವಿರ ವರ್ಷಗಳಿಂದ ಸಾಹಿತ್ಯದ ಶೈಲಿಗಳೆಂದು ಅರ್ಥೈಸುತ್ತ ಬಂದಿರುವುದು ವಿಷಾದನೀಯ. ಟೋಲ್ ಇರುವುದು ಮಾರ್ಗ, ಎಮ್ಮೆ ಇರುವುದು ದೇಸಿ. ಮಂಗಳೂರು ಕಡೆಯವರು ಇವತ್ತಿಗೂ ರಸ್ತೆಗೆ ಮಾರ್ಗ ಎಂದೇ ಹೇಳುತ್ತಾರೆ. ಇದಕ್ಕಿಂತ ಬೇರೆ ಶಾಸನಾಧಾರ ಬೇಕೆ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸುತ್ತದೆ, ಆದರೆ ನಡುವೆ ಹಂಪ್‌ಗಳೆಷ್ಟು ಎಂಬ ಬಗ್ಗೆ ಮೌನ ವಹಿಸುತ್ತದೆ. ಈ ಮೌನವನ್ನು ಮುರಿಯುವುದೇ ಪ್ರಸ್ತುತ ಅಧ್ಯಯನದ ಮೌಲಿಕ ಕೊಡುಗೆ.

3. ದರ್ಶನಾನುಸಾರಿ ವರ್ಗೀಕರಣ

ಅದ್ವೈತ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಪ್ರತಿಪಾದಿತವಾಯಿತು. ಜಾವಾದಲ್ಲೂ ಅದರ ಮುಂದಿನ ಅವತಾರವಾದ ಯೆಜ್ಡಿಯಲ್ಲೂ ಕಿಕ್ಕರ್ ಬೇರೆ, ಗೇರ್ ಬೇರೆ ಎಂಬ ಭೇದವಿಲ್ಲ. ಇರುವುದು ಒಂದೇ ಸನ್ನೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗಿಳಿಸಿದರೆ ಗೇರ್. ಎರಡಾಗಿ ಕಾಣುವುದು ಮಾಯೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇತ್ತಲ್ಲ, ಅದು ಸಿದ್ಧಾಂತಕ್ಕೆ ವಿರುದ್ಧವಲ್ಲವೇ ಎಂಬ ಪೂರ್ವಪಕ್ಷಕ್ಕೆ, ಹೊಗೆ ಒಂದೇ ಎಂಬುದು ಉತ್ತರ. 1996ರಲ್ಲಿ ಕಾರ್ಖಾನೆ ಬ್ರಹ್ಮೈಕ್ಯ ಹೊಂದಿತು.

ದ್ವೈತ. ಹಳೆಯ ಬುಲೆಟ್. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ನ್ಯೂಟ್ರಲ್ ತಾನಾಗಿ ಒಲಿಯದಾದ್ದರಿಂದ ಅದಕ್ಕೆಂದೇ ಇನ್ನೊಂದು ಸನ್ನೆ. ಗುರುಮುಖೇನ ಅಲ್ಲದೆ ಮುಕ್ತಿಯಿಲ್ಲ ಎಂದು ತಾತ್ಪರ್ಯ. ಅಪ್ಪನ ಬುಲೆಟ್‌ನಲ್ಲಿ ಕಲಿತು, ಸ್ನೇಹಿತನ ಬೈಕ್ ಹತ್ತಿ, ಬ್ರೇಕ್ ಎಂದು ಗೇರ್ ಒತ್ತಿ, ಸೀದಾ ದನದ ಕೊಟ್ಟಿಗೆಗೆ ನುಗ್ಗಿದವನೊಬ್ಬ ನನಗೆ ಚೆನ್ನಾಗಿ ಗೊತ್ತು. ಭೇದ ಸತ್ಯ ಎಂಬುದನ್ನು ಅವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಚಾರ್ವಾಕ. ಟಿವಿಎಸ್ ಎಕ್ಸ್‌ಎಲ್. ಪ್ರತ್ಯಕ್ಷವೇ ಪ್ರಮಾಣ: ಒಂದು ಮೂಟೆ ಬೂಸಾ, ಎರಡು ಹಾಲಿನ ಕ್ಯಾನು, ಹಿಂದೆ ಹೆಂಡತಿ, ಮುಂದೆ ಕುರಿಮರಿ. ಗೇರೇ ಇಲ್ಲ, ಆದ್ದರಿಂದ ಪುನರ್ಜನ್ಮವೂ ಇಲ್ಲ.

ವಿಶಿಷ್ಟಾದ್ವೈತಕ್ಕೆ ಸ್ಪ್ಲೆಂಡರನ್ನು ಒಗ್ಗಿಸಲು ನೋಡಿದೆ, ಒಗ್ಗಲಿಲ್ಲ. ಸಾಂಖ್ಯಕ್ಕೆ ಇಎಂಐ ಲೆಕ್ಕವನ್ನು ತೆಗೆದಿರಿಸಿದ್ದೆ. ಬೌದ್ಧಕ್ಕೆ ಬೈಕೇ ಸಿಗಲಿಲ್ಲ, ಶೂನ್ಯ ಎಂದು ಬರೆದು ದಾಟಿಬಿಡಬಹುದಿತ್ತು. ಬೇಡ, ಸಾಕಾಯಿತು. ನಿಜವಾದ ಸಂಶೋಧಕರೂ ಇಷ್ಟೇ ಮಾಡುತ್ತಾರೆ, ಆದರೆ ಮುನ್ನೂರನೇ ಪುಟದವರೆಗೆ ಒಪ್ಪಿಕೊಳ್ಳುವುದಿಲ್ಲ.

4. ಕ್ಷೇತ್ರಕಾರ್ಯ

ಬೆಂಗಳೂರಿನ ಒಂದು ಶೋರೂಮಿಗೆ ಹೋದೆ. ಎಸಿ, ಕಾಫಿ, ಗೋಡೆ ತುಂಬ ಹಿಮದ ಚಿತ್ರ.

“ಸರ್, ನಿಮ್ಮ ರೈಡಿಂಗ್ ಪ್ರೊಫೈಲ್ ಏನು?” ಎಂದ ಹುಡುಗ.

“ತಿಪ್ಪಸಂದ್ರ” ಎಂದೆ.

“ಇಂದಿರಾನಗರದ ಪಕ್ಕದ್ದಾ ಸರ್?”

“ಅಲ್ಲಪ್ಪ, ಮಾಗಡಿ ಹತ್ತಿರದ್ದು.”

ಅವನು ಎದೆಗುಂದಲಿಲ್ಲ. “ಇದು ಬೈಕಲ್ಲ ಸರ್, ಒಂದು ಅನುಭವ” ಎಂದು ಶುರು ಮಾಡಿದ. ಹಿಂದಿನ ವಾರವಷ್ಟೇ ನಾನು ವಿಚಾರ ಸಂಕಿರಣವೊಂದರಲ್ಲಿ ಒಂದೂವರೆ ಗಂಟೆ ಕೂತು, ಅನುಭವ ಅನುಭಾವಗಳ ನಡುವಿನ ಅವಕಾಶದ ಬಗ್ಗೆ ಕೇಳಿ, ಊಟದ ಕೂಪನ್ ಕಳೆದುಕೊಂಡು ಬಂದಿದ್ದೆ. ಅಲ್ಲಿಯವರಿಗೆ ಕಾವ್ಯ ಬೇಕಿರಲಿಲ್ಲ, ಇಲ್ಲಿಯವರಿಗೆ ರಸ್ತೆ ಬೇಕಿಲ್ಲ. ಮಾತು ಮಾತ್ರ ಅದೇ. ಹುಡುಗನದೇನು ತಪ್ಪು, ಅವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ಪ್ರಾಧ್ಯಾಪಕರಿಗೆ ಏನಿತ್ತು?

ಅವನು ಕೊಟ್ಟ ಹಾಳೆಗಳನ್ನು ಮನೆಗೆ ತಂದು ಓದಿದೆ. ಕ್ಲಾಸಿಕ್ 350ರ 20.2 ಅಶ್ವಶಕ್ತಿ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 6,100 ಸುತ್ತು ತಿರುಗಿದಾಗ. ಹಳ್ಳಿದಾರಿಯಲ್ಲಿ ಮೂವತ್ತರಿಂದ ನಲವತ್ತರಲ್ಲಿ ಹೋಗುವವನು ಅಷ್ಟು ಸುತ್ತು ಮುಟ್ಟುವುದು ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ಅವನಿಗೆ ಬೇಕಾದದ್ದು ಕುದುರೆಯ ಓಟವಲ್ಲ, ಎತ್ತಿನ ಎಳೆತ. ಕಡಿಮೆ ಸುತ್ತಿನಲ್ಲೇ, ಎರಡು ಮೂರನೇ ಗೇರಿನಲ್ಲೇ, ಕೆಮ್ಮದೆ ಏರು ಹತ್ತುವ ಗುಣ. ಆ ಗುಣ ಕ್ಲಾಸಿಕ್‌ಗೆ ಧಾರಾಳವಾಗಿ ಇದೆ, ಇಲ್ಲವೆನ್ನುವುದಿಲ್ಲ. ಹಿಮಾಲಯನ್ 450ಕ್ಕೆ 40 ಅಶ್ವಶಕ್ತಿ. ನಮ್ಮ ಹಿಮಾಲಯ ಸಾವನದುರ್ಗ, 1,226 ಮೀಟರ್, ಅದನ್ನೂ ಹತ್ತಬೇಕಾದದ್ದು ಕಾಲಿನಲ್ಲೇ.

ಆದರೆ ತೂಕ. ಕ್ಲಾಸಿಕ್ 195 ಕೆಜಿ, ಸ್ಪ್ಲೆಂಡರ್ ಸುಮಾರು 112. ವ್ಯತ್ಯಾಸ 83. ಇದು ಸರಿಯಾಗಿ ನನ್ನ ಭಾವಮೈದುನನ ತೂಕ. ಒಂದೇ ಗಾಡಿ ಹಿಡಿಯುವ ದಾರಿ, ಎದುರಿಗೆ ಹುಲ್ಲು ಹೇರಿದ ಟ್ರಾಕ್ಟರ್, ಪಕ್ಕದಲ್ಲಿ ಕೆಸರಿನ ಚರಂಡಿ. ಬೈಕನ್ನು ಹಿಂದಕ್ಕೆ ತಳ್ಳಿ ತಿರುಗಿಸಬೇಕು. ಭಾವಮೈದುನನನ್ನು ಮೇಲೆ ಕೂರಿಸಿಕೊಂಡೇ ತಳ್ಳಬೇಕೆ ಎಂಬುದು ಮೊಣಕಾಲು ಕೇಳುವ ತಾತ್ವಿಕ ಪ್ರಶ್ನೆ. ಇನ್ನು ಪಂಕ್ಚರ್ ಆದರೆ, ಬಿಡಿಭಾಗ ಮುರಿದರೆ, ಅರಳಿಮರದ ಕೆಳಗಿನ ಅಂಗಡಿಯಲ್ಲಿ ಸ್ಪ್ಲೆಂಡರಿನದು ಎಲ್ಲವೂ ಸಿಗುತ್ತದೆ, ಗೋಡೆಗೆ ನೇತು ಹಾಕಿರುತ್ತಾರೆ. ದೊಡ್ಡ ಬೈಕಿನವನು ಬೆಂಗಳೂರಿಗೆ ಫೋನ್ ಮಾಡುತ್ತ ಕೂರಬೇಕು.

ಸ್ನೇಹಿತನ ಸ್ಪ್ಲೆಂಡರ್ ಎರವಲು ಪಡೆದು ಪ್ರಾಯೋಗಿಕ ಅಧ್ಯಯನಕ್ಕೆ ಹೊರಟೆ. ಸುಗ್ಗಿಯ ಕಾಲ. ನಮ್ಮ ಕಡೆ ಹುರುಳಿ ಕಿತ್ತು ಟಾರ್ ರಸ್ತೆಯ ಮೇಲೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ತಿರುವು ದಾಟಿದ್ದೇ ಕಣ್ಣೆದುರು ಮೊಣಕಾಲೆತ್ತರ ಹುರುಳಿ ಸೊಪ್ಪು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಬಳ್ಳಿ ಚಕ್ರಕ್ಕೆ ಸುತ್ತಿ, ಬೈಕ್ ಒಂದು ಕಡೆ, ಸಂಶೋಧಕ ಒಂದು ಕಡೆ.

ಮೊರ ಹಿಡಿದಿದ್ದ ಹೆಂಗಸು ಓಡಿಬಂದು ಎತ್ತಿದರು. “ಅಯ್ಯೋ ಸ್ವಾಮಿ, ಹುಳ್ಳಿ ಮ್ಯಾಲೆ ಮುಂದ್ಲು ಬ್ರೇಕ್ ಹಿಡೀತಾರಾ ಯಾರಾದ್ರೂ? ಕಾಲ್ ಬಿಟ್ಕೊಂಡು ಮೆಲ್ಲುಕ್ ಬರದಲ್ವಾ?” ಎಂದರು. ನೀರು ಕೊಟ್ಟರು. ಚಕ್ರಕ್ಕೆ ಸುತ್ತಿದ ಬಳ್ಳಿಯನ್ನು ತಾವೇ ಕುಡುಗೋಲಿನಿಂದ ಬಿಡಿಸಿದರು. ಮೂರು ತಿಂಗಳಿಂದ ಬೈಕಿನ ಬಗ್ಗೆ ನಾನು ಓದಿದ, ಕೇಳಿದ, ನೋಡಿದ ಅಷ್ಟರಲ್ಲಿ ಪ್ರಯೋಜನಕ್ಕೆ ಬಂದದ್ದು ಆ ಎರಡು ವಾಕ್ಯ. ಕಾಲು ನೆಲಕ್ಕೆ ಎಟುಕಬೇಕು, ಬೈಕು ಮೆಲ್ಲಗೆ ಹೋಗಬೇಕು. ಪ್ರಬಂಧ ಇಲ್ಲಿಗೆ ಮುಗಿಯಬೇಕಿತ್ತು.

ಅವತ್ತು ಅಲ್ಲೇ ಕೂತು ಮೊಣಕೈಗೆ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದಾಗ ಹನ್ನೆರಡು ಬೈಕುಗಳ ದಂಡೊಂದು ಬಂತು. ಎಲ್ಲರ ಮೈಮೇಲೂ ಕವಚ, ತಲೆಮೇಲೆ ಕ್ಯಾಮೆರಾ, ಸೈಲೆನ್ಸರ್ ಕಿತ್ತು ಬೇರೆ ಹಾಕಿಸಿದ ಸದ್ದು. ಹುರುಳಿ ಚದುರಿಸಿಕೊಂಡು ಹೋದರು. ಒಬ್ಬನೂ ನಿಧಾನ ಮಾಡಲಿಲ್ಲ. ಆ ಹೆಂಗಸು ಬೈಯಲಿಲ್ಲ, ಕಾಳು ಗುಡಿಸತೊಡಗಿದರು. ನಾನು ಬೈದೆ, ಇಲ್ಲಿ ಅಚ್ಚು ಮಾಡಲಾಗದ ಕನ್ನಡದಲ್ಲಿ. ಅದಕ್ಕೆ ಯಾವ ಪರಿಭಾಷೆಯೂ ಬೇಕಾಗಲಿಲ್ಲ.

ಆ ದಂಡಿನವರಿಗೆ ಮೆಲ್ಲಗೆ ಹೋಗುವ ದಾರಿಯೇ ಬೇಡ, ಸರ್ಕಾರಕ್ಕೂ ಬೇಡ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದ ಆಲದ ಮರಗಳಿವೆ. 2019ರಲ್ಲಿ ದೇಶ ಆ ಅಜ್ಜಿಗೆ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದ ಯೋಜನೆ ಅದೇ ಮರಗಳ ಬುಡಕ್ಕೆ ಬಂತು. ನೂರು ದಾಟಿದ ಮುದುಕಿ ತನ್ನ ಮರ ಕಡಿಯಬೇಡಿ ಎಂದು ಮಂತ್ರಿಗಳನ್ನು ಬೇಡಬೇಕಾಯಿತು. ಬೇಡಿದ್ದಕ್ಕೆ ಉಳಿದವು. ಬೇಡುವವರಿಲ್ಲದ ದಾರಿಗಳಲ್ಲಿ ಹುಣಸೆ, ಮಾವು, ಹೊಂಗೆ ಮರಗಳ ಬೊಡ್ಡೆಯ ಮೇಲೆ ಈಗ ಡಾಂಬರು ಬಿದ್ದಿದೆ. ಅಲ್ಲಿ ಎಮ್ಮೆ ಬರುವುದಿಲ್ಲ, ಹುರುಳಿ ಹಾಸುವುದಿಲ್ಲ, ಎಂಬತ್ತರಲ್ಲಿ ಹೋಗಬಹುದು. ಹೋಗಿ ಏನು ನೋಡುವುದು? 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡರು. ಇನ್ನೊಂದು ಯೋಜನೆ ಬಂದರೆ ಯಾರು ಹೋಗಿ ಬೇಡುತ್ತಾರೋ.

ಕೊನೆಗೆ ನಾನು ಕೊಂಡದ್ದು ಹದಿಮೂರು ವರ್ಷ ಹಳೆಯ ಸ್ಪ್ಲೆಂಡರ್. ಶೋರೂಮಿನ ಹುಡುಗ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಪಾಪ. ಹುಲಿಕಲ್‌ನಿಂದ ಕುದೂರಿಗೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್. ಅರವತ್ತರಲ್ಲಿ ಹೋದರೆ ನಾಲ್ಕು ನಿಮಿಷ ನೆರಳು, ಇಪ್ಪತ್ತರಲ್ಲಿ ಹೋದರೆ ಹನ್ನೆರಡು ನಿಮಿಷ. ನಿಮ್ಮ ಮನೆಯಲ್ಲಿ ಯಾವ ಬೈಕ್ ಇದೆಯೋ ಅದನ್ನೇ ತೆಗೆದುಕೊಂಡು ಬನ್ನಿ. ಹುಳ್ಳಿ ಹಾಸಿದ್ದರೆ ಮಾತ್ರ ಇಳಿದು ತಳ್ಳಿಕೊಂಡು ಹೋಗಿ.